ಪರೀಕ್ಷೆಗೆ ಮುಂಚಿನ ದಿನಗಳು

ಬೈಪಾಸ್ ಆಪರೇಷನ್ ಆದಮೇಲೆ ನಮ್ಮ ಮನೆಯವರ ಎದೆಯ ಬಗ್ಗೆ ನನಗೆ ಅಷ್ಟು ಚಿಂತೆ ಇರಲಿಲ್ಲ. ಅದನ್ನು ಬಲ್ಲವರು ಬಿಚ್ಚಿ, ಬಲ್ಲವರೇ ಹೊಲಿದಿದ್ದರು. ಚಿಂತೆ ಇದ್ದದ್ದು ತಲೆಯದು. ಅದನ್ನು ಯಾವ ಡಾಕ್ಟರೂ ಬಿಚ್ಚಿ ನೋಡಲಿಲ್ಲ. ನೋಡಿದ್ದರೆ ಒಳಗೆ ಇಡೀ ಒಂದು ತಕ್ಕಡಿ ಅಂಗಡಿ ಸಿಗುತ್ತಿತ್ತು.

ತಕ್ಕಡಿ ರಿಪೇರಿ ಅವರ ಕಸುಬು. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಬೀಗದ ಅಂಗಡಿಗೂ ಗೋಣಿಚೀಲದ ಗೋದಾಮಿಗೂ ಮಧ್ಯೆ ಒತ್ತಿಕೊಂಡು ನಿಂತ ಉದ್ದನೆಯ ಕೋಣೆ ಅವರದು. ಒಳಗೆ ಕಾಲಿಟ್ಟರೆ ಮಷೀನ್ ಎಣ್ಣೆಯ ವಾಸನೆ. ಗೋಡೆಯ ಮೇಲೆ ಹಳೆಯ ತಕ್ಕಡಿ ದಂಡಗಳು, ನೆಲದ ಮೇಲೆ ಮೂಟೆ ತೂಗುವ ಕಾಟಾಗಳು, ಬೆಂಚಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಕೂತ ಎಲೆಕ್ಟ್ರಾನಿಕ್ ಮಷೀನುಗಳು. ಬೆಂಚಿನ ತುದಿಯಲ್ಲಿ ಒಂದು ಮರದ ಪೆಟ್ಟಿಗೆ. ಅದರೊಳಗೆ ಮಖಮಲ್ಲಿನ ಗುಳಿಗಳಲ್ಲಿ ಸಣ್ಣದರಿಂದ ದೊಡ್ಡದರವರೆಗೆ ಹಿತ್ತಾಳೆಯ ತೂಕದ ಬಟ್ಟುಗಳು. ಅವನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಬೆವರು ಅಂಟಿದರೆ ತೂಕ ಕೆಡುತ್ತದಂತೆ. ಮದುವೆಯಾದ ಹೊಸದರಲ್ಲಿ ಗೊತ್ತಿಲ್ಲದೆ ಒಂದನ್ನು ಎತ್ತಿ ನೋಡಿದ್ದಕ್ಕೆ ನನಗೆ ಸಿಕ್ಕ ಬೈಗುಳ ಇನ್ನೂ ಕಿವಿಯಲ್ಲಿದೆ. ನನ್ನ ಕೈ ಹಿಡಿದಾಗ ಆ ಮಹಾನುಭಾವರು ಅಷ್ಟು ಜೋಪಾನ ಮಾಡಿರಲಿಲ್ಲ.

ವರ್ಷಕ್ಕೊಮ್ಮೆ ಅಳತೆ ಇಲಾಖೆಯ ಇನ್ಸ್‌ಪೆಕ್ಟರು ಬಂದು ಮಾರುಕಟ್ಟೆಯ ತಕ್ಕಡಿಗಳನ್ನೆಲ್ಲ ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಾರೆ. ಅದಕ್ಕೆ ಮುಂಚಿನ ವಾರ ಇವರಿಗೆ ಊಟಕ್ಕೂ ಪುರುಸೊತ್ತು ಸಿಗದು. ವರ್ಷವಿಡೀ ತಕ್ಕಡಿಯ ಮುಖ ಒರೆಸದವರೆಲ್ಲ ಅದನ್ನು ತಲೆಯ ಮೇಲೆ ಹೊತ್ತು ಓಡಿಬರುತ್ತಾರೆ. ಮೀನಿನ ಅಂಗಡಿಯವನ ತಟ್ಟೆಯಡಿಯಲ್ಲಿ ಒಣಗಿದ ಹುರುಪೆ, ಈರುಳ್ಳಿ ವ್ಯಾಪಾರಿಯ ಕಾಟಾದೊಳಗೆ ಬುಟ್ಟಿ ತುಂಬುವಷ್ಟು ಸಿಪ್ಪೆ. ಇವರು ಕೆರೆದು, ತೊಳೆದು, ಮುಳ್ಳು ಸರಿಮಾಡಿ ಕೊಡುತ್ತಾರೆ, ಕೊಡುವಾಗ ಪ್ರತಿಯೊಬ್ಬನ ನೀರಿಳಿಸಿಯೇ ಕಳಿಸುತ್ತಾರೆ. ಮನೆಗೆ ಬಂದಮೇಲೂ ಅದೇ ರಾಗ.

"ಮುದ್ರೆ ಬೀಳೋ ದಿನ ಸರಿಯಾಗಿದ್ರೆ ಸಾಕು ಈ ಜನಕ್ಕೆ. ಮಾರನೇ ದಿನದಿಂದ ಮತ್ತೆ ಅದೇ ಹೊಲಸು. ತಕ್ಕಡಿ ಇರೋದು ಇನ್ಸ್‌ಪೆಕ್ಟರಿಗೆ ಅಂದ್ಕೊಂಡಿದ್ದಾರೆ."

ಈ ಮಾತನ್ನು ಎಷ್ಟು ವರ್ಷ ಕೇಳಿದೆನೋ. ಕೇಳಿ ಕೇಳಿ, ಇವರೊಬ್ಬರಾದರೂ ಹಾಗಲ್ಲ ಎಂದು ನಂಬಿಬಿಟ್ಟಿದ್ದೆ.

ಎದೆನೋವು ಬಂದದ್ದೂ ಅಂಗಡಿಯಲ್ಲೇ, ದೊಡ್ಡ ಕಬ್ಬಿಣದ ಬಟ್ಟನ್ನು ಕಾಟಾದ ಮೇಲೆ ಇಡುವಾಗ. ಬೀಗದ ಅಂಗಡಿಯವನು ಆಸ್ಪತ್ರೆಗೆ ಸೇರಿಸಿ ನನಗೆ ಫೋನ್ ಮಾಡಿದ. ನಾಳಗಳು ಕಟ್ಟಿಕೊಂಡಿದ್ದವು. ಎಡಗಾಲಿನಿಂದ ರಕ್ತನಾಳ ತೆಗೆದು ಹೃದಯಕ್ಕೆ ಹೊಲಿದರು. ಆಪರೇಷನ್ನೇನೋ ಚೆನ್ನಾಗಿಯೇ ಆಯಿತು. ಆದರೆ ಆಮೇಲೆ ಮೂತ್ರ ಕಡಿಮೆಯಾಯಿತು, ಮುಖ ಊದಿಕೊಂಡಿತು. ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದರು. ಹೃದಯವನ್ನು ನಿಲ್ಲಿಸಿ ಯಂತ್ರದಿಂದ ರಕ್ತ ಓಡಿಸುತ್ತಾರಲ್ಲ, ಆಗ ಕೆಲವರಿಗೆ ಹೀಗಾಗುವುದುಂಟಂತೆ. ಆ ಕೆಲವರಲ್ಲಿ ಇವರು ಇರದೆ ಇನ್ನು ಯಾರು ಇರಬೇಕು?

ಮನೆಗೆ ಕಳಿಸುವ ದಿನ ಕಿಡ್ನಿ ಡಾಕ್ಟರಮ್ಮ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಗಿಡ್ಡ ಕೂದಲಿನ, ಮಾತನ್ನೂ ಅಷ್ಟೇ ಗಿಡ್ಡ ಮಾಡಿ ಆಡುವ ಹೆಂಗಸು.

"ಈಗ ನಿಮ್ಮ ಕಿಡ್ನಿ ನೂರಕ್ಕೆ ಅರವತ್ತರಷ್ಟು ಕೆಲಸ ಮಾಡ್ತಿದೆ. ಇಷ್ಟು ಉಳಿಸಿಕೊಂಡ್ರೆ ಆರಾಮಾಗಿ ಬದುಕಬಹುದು. ಈ ಮೊದಲನೇ ವರ್ಷ ಬಹಳ ಮುಖ್ಯ. ಇಳೀತಾ ಹೋದ್ರೆ ಡಯಾಲಿಸಿಸ್‌ಗೆ ಬಂದು ಮಲಗಬೇಕಾಗುತ್ತೆ. ನಿಮ್ಮ ಯೂರಿಕ್ ಆಸಿಡ್ಡೂ ಜಾಸ್ತಿ ಇದೆ. ಕಿಡ್ನಿ ಅದನ್ನ ಸರಿಯಾಗಿ ಹೊರಗೆ ಹಾಕ್ತಿಲ್ಲ. ಅದು ಏರಿದ್ರೆ ಕೀಲಿಗೂ ಕಷ್ಟ, ಕಿಡ್ನಿಗೂ ಒಳ್ಳೇದಲ್ಲ."

ಆಮೇಲೆ ಕಟ್ಟಳೆಗಳು. ನೀರು ಅಳತೆಯಲ್ಲಿ ಕುಡಿಯಬೇಕು, ಹೃದಯಕ್ಕೆ ಭಾರವಾಗಬಾರದು. ಮೈಯ ನೀರಿಳಿಸುವ ಮಾತ್ರೆ ದಿನಾ ತಪ್ಪಿಸಬಾರದು. ಉಪ್ಪು, ಮಾಂಸ ಕಡಿಮೆ. ಒಂದೂವರೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಕೊನೆಗೆ ಬೆರಳೆತ್ತಿ ಹೇಳಿದರು. "ಏನೇ ನೋವಿರಲಿ, ನನ್ನನ್ನ ಕೇಳದೆ ಒಂದೇ ಒಂದು ನೋವಿನ ಮಾತ್ರೆ ನುಂಗಬಾರದು. ನಿಮ್ಮ ಕಿಡ್ನಿಗೆ ಅದು ವಿಷ."

ಇವರು ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ನಮ್ಮ ಮನೆಯವರದು ಎತ್ತಿದ ಕೈ.

ಎದೆಯ ಗಾಯ ಮಾಯುತ್ತಾ ಬಂತು. ನಿಧಾನಕ್ಕೆ ಅಂಗಡಿಗೆ ಹೋಗಿ ಕೂರತೊಡಗಿದರು. ಭಾರ ಎತ್ತುವ ಹಾಗಿರಲಿಲ್ಲ. ಸಣ್ಣ ಕೆಲಸ ಮಾಡಿಕೊಂಡು, ದೊಡ್ಡ ಕಾಟಾ ತಂದವರನ್ನು ವಾಪಸ್ಸು ಕಳಿಸಿಕೊಂಡು, ಮುಖ ಊದಿಸಿಕೊಂಡು ಮನೆಗೆ ಬರುತ್ತಿದ್ದರು. ಅಷ್ಟರಲ್ಲಿ ಒಂದು ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟವರೇ "ಅಯ್ಯೋ" ಎಂದು ಕೂತರು. ಎಡಗಾಲಿನ ಹೆಬ್ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿತ್ತು. ಹೊದಿಕೆಯ ಅಂಚು ತಾಗಿದರೂ ಜೀವ ಬಾಯಿಗೆ ಬರುತ್ತಿತ್ತು.

"ನಾಳ ಕಿತ್ತುಕೊಂಡ್ರಲ್ಲ ಈ ಕಾಲಿಂದ, ಅದರದ್ದೇ ನೋವು" ಅಂದರು.

"ನಾಳ ತೆಗೆದದ್ದು ಮೀನಖಂಡದಿಂದ. ಹೆಬ್ಬೆರಳಿಂದಲ್ಲ" ಅಂದೆ.

"ನಿನಗೇನು ಗೊತ್ತು? ಕಾಲು ನಂದು."

ಡಾಕ್ಟರಮ್ಮ ನೋಡಿ, ಇದು ಯೂರಿಕ್ ಆಸಿಡ್ಡಿನದೇ ಕೆಲಸ, ಹರಳಾಗಿ ಕೀಲಿನಲ್ಲಿ ಕೂತಿದೆ ಎಂದರು. ಕಿಡ್ನಿಗೆ ಒಗ್ಗುವ ಮಾತ್ರೆ ಬರೆದುಕೊಟ್ಟರು. ಇಳಿಯುವುದಕ್ಕೆ ಸಮಯ ಹಿಡಿಯುತ್ತದೆ, ಮಧ್ಯೆ ಮಧ್ಯೆ ನೋವು ಬಂದು ಹೋಗುತ್ತಿರುತ್ತದೆ, ಸ್ವಲ್ಪ ದಿನ ತಾಳ್ಮೆಯಿಂದಿರಿ ಎಂದರು. ತಾಳ್ಮೆಯೇನೋ ನಮ್ಮವರಿಗೆ ಉಂಟು, ತಕ್ಕಡಿಯ ಮುಂದೆ. ಒಂದು ಮುಳ್ಳು ನಿಲ್ಲುವುದಕ್ಕೆ ಉಸಿರು ಬಿಗಿಹಿಡಿದು ಕಾಯುತ್ತಾರೆ. ಮನೆಯಲ್ಲಿ ಒಂದು ಲೋಟ ಟೀ ಆರುವವರೆಗೂ ಕಾಯದೆ ಬಾಯಿ ಸುಟ್ಟುಕೊಳ್ಳುತ್ತಾರೆ.

ಅಲ್ಲಿಂದ ನನ್ನ ಗೋಳು ಶುರುವಾಯಿತು. ನಾನು ಮನೆಯಲ್ಲೇ ಶಾಲೆಯ ಯೂನಿಫಾರಂ ಹೊಲಿಯುವವಳು. ಮಷೀನು ತುಳಿಯುತ್ತಲೇ ಒಂದು ಕಣ್ಣು ಇವರ ಮೇಲೆ. ಉಪ್ಪಿನ ಡಬ್ಬಿ ಬಚ್ಚಿಟ್ಟರೆ ಹುಡುಕಿ ತೆಗೆಯುತ್ತಿದ್ದರು. ನೀರಿಳಿಸುವ ಮಾತ್ರೆ ಕೊಟ್ಟರೆ, "ಅಂಗಡೀಲಿ ಪದೇಪದೇ ಎದ್ದು ಹೋಗಬೇಕಾಗುತ್ತೆ, ಸಂಜೆ ತಗೋತೀನಿ ಇಡು" ಅನ್ನುತ್ತಿದ್ದರು. ಸಂಜೆ ಕೇಳಿದರೆ, "ಈಗ ತಗೊಂಡ್ರೆ ನಿದ್ದೆ ಕೆಡುತ್ತೆ". ಹೇಳಿದ್ದು ಒಂದೂ ಕಿವಿಯ ಮೇಲೆ ಬೀಳುತ್ತಿರಲಿಲ್ಲ. ನಾನೇನು ಇವರಿಗೆ ಶತ್ರುವೇ?

ಆದರೆ ರಕ್ತ ಪರೀಕ್ಷೆ ಹತ್ತಿರ ಬಂತೆಂದರೆ ಮನುಷ್ಯರೇ ಬೇರೆಯಾಗುತ್ತಿದ್ದರು. ಮೂರ್ನಾಲ್ಕು ದಿನ ಮುಂಚೆಯೇ ಮಾಂಸ ಬೇಡ, ಬೇಳೆ ಬೇಡ. "ಬರೀ ಬೇಯಿಸಿದ ತರಕಾರಿ ಹಾಕು, ಉಪ್ಪು ಮುಟ್ಟಿಸಬೇಡ." ಅಂಗಡಿಗೂ ಹೋಗದೆ ಕಾಲು ಮೇಲಿಟ್ಟುಕೊಂಡು ಮನೆಯಲ್ಲೇ ಇರುತ್ತಿದ್ದರು. ಆ ಹೆಬ್ಬೆರಳು ಎಷ್ಟು ನೋಯುತ್ತಿದ್ದರೂ ಹಲ್ಲು ಕಚ್ಚಿಕೊಂಡು ಸುಮ್ಮನೆ ಕೂರುತ್ತಿದ್ದರು. ನಾನು ಹುಚ್ಚಿ, ಇವರಿಗೆ ಕೊನೆಗೂ ಬುದ್ಧಿ ಬಂತು ಎಂದು ಹಿಗ್ಗಿದೆ.

ಮೊದಲ ರಿಪೋರ್ಟು ಚೆನ್ನಾಗಿತ್ತು. ಕಿಡ್ನಿ ಅರವತ್ತರಲ್ಲೇ ನಿಂತಿತ್ತು, ಯೂರಿಕ್ ಆಸಿಡ್ ಇಳಿದಿತ್ತು. ಇವರು ಆ ಹಾಳೆಯನ್ನು ಅಂಗಡಿಗೆ ತೆಗೆದುಕೊಂಡು ಹೋಗಿ ಬೀಗದ ಅಂಗಡಿಯವನಿಗೂ ತೋರಿಸಿ ಬಂದರು. ಎರಡನೆಯದೂ ಚೆನ್ನಾಗಿತ್ತು, ಮೂರನೆಯದೂ ಚೆನ್ನಾಗಿತ್ತು. ಒಂದೆರಡು ಅಂಕ ಹಿಂದೆ ಮುಂದೆ, ಅಷ್ಟೇ. ಚೆನ್ನಾಗಿಲ್ಲದಿದ್ದದ್ದು ಇವರು ಮಾತ್ರ.

ಸಂಜೆ ಸಾಕ್ಸ್ ತೆಗೆದರೆ ಕಾಲಿನ ಮೇಲೆ ಎಲಾಸ್ಟಿಕ್ಕಿನ ಗೆರೆ ಆಳಕ್ಕೆ ಇಳಿದಿರುತ್ತಿತ್ತು. ಬೆರಳಿಟ್ಟು ಒತ್ತಿದರೆ ಗುಂಡಿ ಬಿದ್ದು ಹಾಗೇ ಉಳಿಯುತ್ತಿತ್ತು. ತಟ್ಟೆಯ ಮುಂದೆ ಕೂತು ಎರಡು ತುತ್ತಿಗೆ ಸಾಕೆನ್ನುತ್ತಿದ್ದರು. ಬೆನ್ನು ಕೆರೆದುಕೊಂಡು ಕೆರೆದುಕೊಂಡು ಅಂಗಿಗೆ ರಕ್ತದ ಕಲೆ. ಮೆಟ್ಟಿಲು ಹತ್ತಿ ಬಂದರೆ ಮಾತಾಡಲಾಗದೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಇದನ್ನೆಲ್ಲ ಡಾಕ್ಟರಮ್ಮನ ಹತ್ತಿರ ಹೇಳಿದೆ. ಅವರು ರಿಪೋರ್ಟು ತಿರುವಿ ನೋಡಿದರು.

"ನೋವಿನ ಮಾತ್ರೆ ಏನಾದ್ರೂ ತಗೋತಿದ್ದೀರಾ?"

"ಛೇ, ಛೇ. ಇಲ್ಲ ಮೇಡಂ" ಅಂದರು ಇವರು. ಆ ಮುಖ ನೋಡಿದ್ದರೆ ಹಾಲು ಕುಡಿಯುವ ಮಗು ಅನ್ನಬೇಕು.

"ನಂಬರೆಲ್ಲ ಸರಿ ಇದೆ. ಆಪರೇಷನ್ ಆದ ಮೈ ಸುಧಾರಿಸಿಕೊಳ್ಳೋಕೆ ಟೈಮ್ ಬೇಕು. ಮುಂದಿನ ಸಲಾನೂ ಹೀಗೇ ಬಂದ್ರೆ ಆರು ತಿಂಗಳಿಗೊಮ್ಮೆ ಬನ್ನಿ ಸಾಕು. ಕೆಲಸಾನೂ ಮೊದಲಿನ ಹಾಗೆ ಮಾಡಬಹುದು."

ಇವರ ಮುಖ ಅರಳಿತು. ನನಗೆ ಮೈ ಉರಿಯಿತು. ಕಣ್ಣೆದುರಿಗೆ ಕೂತಿರುವ ಮನುಷ್ಯನ ಊದಿದ ಕಾಲು ಕಾಣುತ್ತಿಲ್ಲವೇ? ಮಗಳಿಗೆ ಹೇಳಿಕೊಂಡೆ. ಅವಳು ಇದೇ ಊರಲ್ಲಿ, ಎರಡು ಬಸ್‌ಸ್ಟಾಪಿನಾಚೆ ಸಂಸಾರ ಮಾಡಿಕೊಂಡಿದ್ದಾಳೆ. "ಅಮ್ಮ, ರಿಪೋರ್ಟ್ ಚೆನ್ನಾಗಿದೆ ಅಂದಮೇಲೂ ನೀನು ಯಾಕೆ ಇಲ್ಲದ್ದನ್ನ ತಲೆಗೆ ಹಚ್ಕೋತೀಯ? ಅಪ್ಪನ್ನ ಸ್ವಲ್ಪ ಬಿಡು, ಉಸಿರಾಡ್ಲಿ" ಅಂದಳು. ಅಪ್ಪ ಉಸಿರಾಡುತ್ತಿಲ್ಲ ಕಣೇ, ಅದನ್ನೇ ಹೇಳ್ತಿರೋದು ಎಂದು ಕೂಗಬೇಕೆನಿಸಿತು. ಹಾಳೆ ಒಂದು ಮಾತು ಹೇಳಿದಮೇಲೆ ಹೆಂಡತಿಯ ಮಾತನ್ನು ಯಾರು ಕೇಳುತ್ತಾರೆ?

ಮೆಡಿಕಲ್ ಶಾಪಿನವನು ಇವರ ಹಳೆಯ ಗೆಳೆಯ. ದಪ್ಪ ಕನ್ನಡಕ ಹಾಕುವುದರಿಂದ ಎಲ್ಲರೂ ಚಷ್ಮಾ ಅನ್ನುತ್ತಾರೆ. ಒಂದು ದಿನ ಹೃದಯದ ಮಾತ್ರೆ ಮುಗಿದಿತ್ತು ಎಂದು ನಾನೇ ಅವನ ಅಂಗಡಿಗೆ ಹೋದೆ. ಮಾತ್ರೆಗಳನ್ನು ಕವರಿಗೆ ಹಾಕುತ್ತಾ, "ಅತ್ತಿಗೆ, ನೋವಿನ ಮಾತ್ರೇನೂ ಹಾಕಿಬಿಡ್ಲಾ? ಅಣ್ಣ ಈ ವಾರ ಬರಲೇ ಇಲ್ಲ" ಎಂದ.

"ಯಾವ ನೋವಿನ ಮಾತ್ರೆ?"

"ಅದೇ, ಕಾಲಿಗೆ. ಬೆಳಿಗ್ಗೆ ಒಂದು, ಸಂಜೆ ಒಂದು ತಗೋತಾರಲ್ಲ. ಡಾಕ್ಟರು ಹೇಳಿದ್ದಾರೆ ಅಂದ್ರು." ನನ್ನ ಮುಖ ನೋಡಿ ಕನ್ನಡಕ ತೆಗೆದು ಒರೆಸಿಕೊಂಡ. "ಹೇಳಿಲ್ವಾ?"

"ಚೀಟಿ ನೋಡದೆ ಕೊಡ್ತೀಯಲ್ಲ, ನಿನ್ನ ಅಂಗಡಿಗೆ ಬೆಂಕಿ ಬೀಳ" ಎಂದು ಅಲ್ಲೇ ನಾಲ್ಕು ಜನರೆದುರು ಅವನ ಗ್ರಹಚಾರ ಬಿಡಿಸಿದೆ. ಇನ್ನು ಮುಂದೆ ಒಂದು ಮಾತ್ರೆಯನ್ನೂ ಕೊಡುವುದಿಲ್ಲ ಎಂದು ಕೈಮುಗಿದ. ಅಲ್ಲಿಂದ ಸೀದಾ ತಕ್ಕಡಿ ಅಂಗಡಿಗೆ ನಡೆದೆ.

ಇವರು ಒಂದು ಸಣ್ಣ ತಕ್ಕಡಿಯ ಸ್ಪ್ರಿಂಗು ಹಿಡಿದು ಕೂತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ವಿಷಯ ಗೊತ್ತಾಗಿರಬೇಕು. ಚಷ್ಮಾನ ಫೋನು ನನಗಿಂತ ಬೇಗ ನಡೆದಿತ್ತು.

"ಎಷ್ಟು ದಿನದಿಂದ ನಡೀತಿದೆ ಇದು?"

"ನೋವು ಬಂದಾಗಿನಿಂದ" ಅಂದರು, ಏನೂ ಆಗಿಲ್ಲವೆಂಬಂತೆ. "ಇಲ್ದಿದ್ರೆ ಅಂಗಡಿವರೆಗೂ ನಡೆಯೋಕಾಗುತ್ತಾ? ನಿನಗೆ ಗೊತ್ತಿಲ್ಲ ಆ ನೋವು."

"ಕಿಡ್ನಿಗೆ ವಿಷ ಅಂತ ಬೆರಳೆತ್ತಿ ಹೇಳಿದ್ರಲ್ಲ ಆಯಮ್ಮ."

"ವಿಷ ಆಗಿದ್ರೆ ರಿಪೋರ್ಟಲ್ಲಿ ಬರ್ತಿರ್ಲಿಲ್ವಾ? ಮೂರು ಸಲ ಮಾಡ್ಸಿದ್ದೀವಿ, ಮೂರು ಸಲಾನೂ ಸರಿಯಾಗಿದೆ."

"ಹೇಗೆ ಸರಿಯಾಗಿದೆ?"

ಆಗ ಹೇಳಿದರು. ಬಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ಹೇಳುವಾಗ ದನಿಯಲ್ಲಿ ಒಂದು ಹೆಮ್ಮೆಯೇ ಇತ್ತು. ಪರೀಕ್ಷೆಗೆ ಮೂರ್ನಾಲ್ಕು ದಿನ ಮುಂಚೆ ನೋವಿನ ಮಾತ್ರೆ ನಿಲ್ಲಿಸುವುದು. ಯೂರಿಕ್ ಆಸಿಡ್ ಏರಿಸುವುದು ನೀರಿಳಿಸುವ ಮಾತ್ರೆ ಎಂದು ಯಾರೋ ಹೇಳಿದ್ದರಂತೆ, ಅದನ್ನೂ ನಿಲ್ಲಿಸುವುದು. ನಾನು ಮಷೀನಿನ ಮುಂದೆ ಕೂತಾಗ ಜಗ್ಗಿನ ಮೇಲೆ ಜಗ್ಗು ನೀರು ಕುಡಿಯುವುದು, ಮೈ ತೊಳೆದುಹೋಗುವ ಹಾಗೆ. ಬರೀ ತರಕಾರಿ ತಿನ್ನುವುದು. ರಕ್ತ ಕೊಟ್ಟು ಬಂದ ದಿನ ಸಂಜೆಯಿಂದ ಮತ್ತೆ ಮೊದಲಿನ ಹಾಗೆ.

"ಪರೀಕ್ಷೆಗೆ ಮುಂಚೆ ಸರಿಮಾಡಿಕೊಂಡು ಹೋಗದೆ ಹಾಗೇ ಹೋಗ್ತಾರಾ ಯಾರಾದ್ರೂ?" ಅಂದರು.

ನಾನು ಎತ್ತಿದ ದನಿಗೆ ಗೋದಾಮಿನವರೂ ಹೊರಗೆ ಬಂದರು. "ಮೀನಿನ ಅಂಗಡಿಯವನನ್ನ ಕಳ್ಳ ಅಂತ ಬೈತಿದ್ರಲ್ರೀ? ಒಂದು ದಿನಕ್ಕೆ ತೊಳೆದು ತರ್ತಾನೆ ಅಂತ ಊರಿಗೆಲ್ಲ ಹೇಳ್ತಿದ್ರಲ್ಲ? ನೀವು ಮಾಡಿದ್ದು ಇನ್ನೇನು?"

"ಅವನು ಗಿರಾಕಿಗೆ ಮೋಸ ಮಾಡ್ತಾನೆ. ನಾನು ಯಾರಿಗೆ ಮೋಸ ಮಾಡ್ದೆ? ನನ್ನ ಮೈ, ನನ್ನ ಕಿಡ್ನಿ."

"ನಿಮ್ಮ ಮೈಯಾ? ಎದೆ ಸೀಳಿದ ದಿನ ಆ ಬಾಗಿಲ ಹೊರಗೆ ಕೂತಿದ್ದು ನಿಮ್ಮ ಮೈಯಾ, ನಾನಾ?"

ಇವರು ಸ್ಪ್ರಿಂಗನ್ನು ಬೆಂಚಿನ ಮೇಲಿಟ್ಟರು. "ಕಿರುಚಬೇಡ. ಇನ್ನೊಂದೇ ಒಂದು ಪರೀಕ್ಷೆ. ಅದೂ ಚೆನ್ನಾಗಿ ಬಂದ್ರೆ ಆರು ತಿಂಗಳು ಯಾರ ಕಾಟಾನೂ ಇಲ್ಲ, ಭಾರ ಎತ್ತಬಹುದು. ಮುದ್ರೆ ವಾರ ಹತ್ತಿರ ಬಂತು. ಆಮೇಲೆ ಎಲ್ಲಾ ಬಿಟ್ಟುಬಿಡ್ತೀನಿ. ಆಯ್ತಾ?"

ಮನೆಗೆ ಬಂದಮೇಲೆ ಜಗಳ ಮುಂದುವರಿಯಿತು. ಕೊನೆಗೆ "ಆಯ್ತು ಮಾರಾಯ್ತಿ, ಇವತ್ತಿಂದಲೇ ಬಿಟ್ಟೆ" ಎಂದು ತಲೆಯಾಡಿಸಿದರು. ಆ ತಲೆಯಾಟದ ಯೋಗ್ಯತೆ ಗೊತ್ತಿದ್ದೂ ನಂಬಿದೆ. ಎರಡು ದಿನ ಕುಂಟಿದರು, ನರಳಿದರು. ಮೂರನೆಯ ದಿನ ಅಂಗಡಿಯಿಂದ ಸಲೀಸಾಗಿ ನಡೆದುಬಂದರು. ಹೆಬ್ಬೆರಳು ಇನ್ನೂ ಕೆಂಪಗೇ ಇತ್ತು, ನಡಿಗೆ ಮಾತ್ರ ನೆಟ್ಟಗಿತ್ತು. ಚಷ್ಮಾ ಕೊಡದಿದ್ದರೆ ಊರಲ್ಲಿ ಬೇರೆ ಮೆಡಿಕಲ್ ಶಾಪಿಲ್ಲವೇ?

ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ. ಮುಂದಿನ ಪರೀಕ್ಷೆಗೂ ಇವರು ತಯಾರಾಗಿಯೇ ಹೋಗುತ್ತಾರೆ. ನಂಬರು ಸರಿಯಾಗಿ ಬರುತ್ತದೆ. ಡಾಕ್ಟರಮ್ಮ ಆರು ತಿಂಗಳು ಬಿಟ್ಟು ಬನ್ನಿ ಎನ್ನುತ್ತಾರೆ. ಆ ಆರು ತಿಂಗಳಲ್ಲಿ ಯಾರೂ ನೋಡದೆ ಆ ಎರಡು ಕಿಡ್ನಿಗಳು ಮುಗಿದುಹೋಗುತ್ತವೆ. ಮಾರನೆಯ ದಿನ ಇವರು ಅಂಗಡಿಗೆ ಹೋದಮೇಲೆ ಆಸ್ಪತ್ರೆಗೆ ಫೋನು ಮಾಡಿದೆ. ಡಾಕ್ಟರಮ್ಮ ಸಿಗುವವರೆಗೂ ಬಿಡಲಿಲ್ಲ. ಎಲ್ಲ ಹೇಳಿದೆ.

"ನಾಳೆನೇ ಕರ್ಕೊಂಡು ಬನ್ನಿ. ರಕ್ತ ತೆಗೀತೀವಿ ಅಂತ ಹೇಳಬೇಡಿ" ಅಂದರು.

"ಕಾಲಿನ ಊತ ನೋಡ್ತಾರಂತೆ" ಎಂದು ಇವರಿಗೆ ಹೇಳಿದೆ. ಖುಷಿಯಿಂದಲೇ ಹೊರಟರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಯಾವ ಅಂಗಡಿಯವನ ಕಾಟಾ ಎಷ್ಟು ಹಳೆಯದು ಎಂದು ಬೆರಳು ತೋರಿಸಿ ಹೇಳುತ್ತಾ ಬಂದರು. ನಾನು ಹೂಂ ಹೂಂ ಅನ್ನುತ್ತಿದ್ದೆ.

ಆಸ್ಪತ್ರೆಯಲ್ಲಿ ನರ್ಸು ನಮ್ಮನ್ನು ಸೀದಾ ರಕ್ತ ತೆಗೆಯುವ ಕೋಣೆಗೆ ಕರೆದೊಯ್ದಳು. ರಬ್ಬರ್ ಪಟ್ಟಿ ಕೈಗೆ ತೆಗೆದುಕೊಂಡದ್ದೇ ತಡ, ಇವರು ಕುರ್ಚಿಯಿಂದ ಎದ್ದರು.

"ಇವತ್ತು ಬೇಡಮ್ಮ. ನಾನು ರೆಡಿಯಾಗಿ ಬಂದಿಲ್ಲ."

"ರಕ್ತ ಕೊಡೋಕೆ ರೆಡಿ ಆಗೋದೇನಿದೆ ಅಂಕಲ್? ಕೈ ಚಾಚಿ ಸಾಕು" ಎಂದು ಅವಳು ನಕ್ಕಳು.

"ಇಲ್ಲ, ಇಲ್ಲ. ಮುಂದಿನ ವಾರ ಬರ್ತೀನಿ. ಹೀಗೆ ಹೇಳದೆ ಕೇಳದೆ ಪರೀಕ್ಷೆ ಮಾಡೋ ಹಾಗಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. ಅರ್ಥವಾಯಿತು ಅವರಿಗೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನನ್ನು ಹಾಗೆ ನೋಡಿರಲಿಲ್ಲ. ನಾನೂ ಕಣ್ಣು ಕೆಳಗಿಳಿಸಲಿಲ್ಲ. "ಕೂತ್ಕೊಳ್ರೀ" ಅಂದೆ. ಕೂತರು. ಕೈ ಚಾಚಿದರು.

ಮಧ್ಯಾಹ್ನದವರೆಗೆ ಪಕ್ಕಪಕ್ಕದ ಕುರ್ಚಿಗಳಲ್ಲಿ ಕೂತಿದ್ದೆವು. ಡಬ್ಬಿಯಲ್ಲಿ ತಂದಿದ್ದ ಊಟ ತೆರೆದು ಮುಂದೆ ಹಿಡಿದರೆ ಮುಖ ತಿರುಗಿಸಿದರು. ನಾನೊಬ್ಬಳೇ ತಿಂದೆ. ಹಟಕ್ಕೆ ತಿಂದೆ.

ಡಾಕ್ಟರಮ್ಮ ಈ ಸಲ ಹಾಳೆಯನ್ನು ನಮ್ಮ ಕಡೆಗೇ ತಿರುಗಿಸಿ ಮೇಜಿನ ಮೇಲಿಟ್ಟರು. ಯೂರಿಕ್ ಆಸಿಡ್, ಆಪರೇಷನ್ ಆದಾಗ ಇದ್ದದ್ದಕ್ಕಿಂತಲೂ ಮೇಲೇರಿತ್ತು. ಕಿಡ್ನಿಯ ಅಂಕೆಯ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದರು. ಮೂವತ್ನಾಲ್ಕು.

ಇವರು ಅದನ್ನು ನೋಡಿದರು. ನೋಡಿ, ನನ್ನ ಮೇಲೆ ಹರಿಹಾಯ್ದರು.

"ನೋಡ್ದ್ಯಾ? ತೃಪ್ತಿ ಆಯ್ತಾ? ನಾನು ನೋಡಿಕೊಂಡು ಬಂದಾಗೆಲ್ಲ ಅರವತ್ತರ ಹತ್ತಿರ ಇತ್ತು. ನೀನು ಹೀಗೆ ಎಳಕೊಂಡು ಬಂದೆ, ಮೂವತ್ನಾಲ್ಕಕ್ಕೆ ಇಳೀತು. ಒಂದು ವಾರ ಕೊಟ್ಟಿದ್ರೆ ಸರಿಮಾಡಿ ತೋರಿಸ್ತಿದ್ದೆ!"

ನನಗೆ ಅಳು ಬಂತು, ನಗುವೂ ಬಂತು. ಈ ಮನುಷ್ಯ ನಾಟಕ ಆಡುತ್ತಿರಲಿಲ್ಲ. ಮನಸಾರೆ ಹೇಳುತ್ತಿದ್ದರು. ಇವರ ಲೆಕ್ಕದಲ್ಲಿ ಕಿಡ್ನಿ ಹಾಳಾದದ್ದು ನಾನು ಪರೀಕ್ಷೆ ಮಾಡಿಸಿದ್ದರಿಂದ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅವರ ಮೇಲೆ ಯಾಕೆ ಕೂಗ್ತೀರಿ? ಇದು ಅವರು ಮಾಡಿದ್ದಲ್ಲ."

"ಹಾಗಾದ್ರೆ ಹಿಂದಿನ ಮೂರು ರಿಪೋರ್ಟು? ಅವು ಸುಳ್ಳಾ?"

"ಸುಳ್ಳಲ್ಲ. ಮಾತ್ರೆ ನಿಲ್ಲಿಸಿ, ಅಷ್ಟು ನೀರು ಕುಡಿದ್ರೆ ಮೂರ್ನಾಲ್ಕು ದಿನದ ಮಟ್ಟಿಗೆ ನಂಬರ್ ಮೇಲೆ ಬರುತ್ತೆ. ನಾನು ನೋಡಿದ್ದು ಆ ದಿನಗಳನ್ನ ಮಾತ್ರ. ಉಳಿದ ದಿನಗಳಲ್ಲಿ ಕಿಡ್ನಿ ಸಾಯ್ತಾ ಇತ್ತು." ಹಾಳೆಯನ್ನು ಪಕ್ಕಕ್ಕೆ ಸರಿಸಿ, "ನನಗೂ ಬೇಜಾರಾಗ್ತಿದೆ. ನಿಮ್ಮ ಮನೆಯವರು ಹೇಳಿದಾಗ ನಾನು ಆ ಕಾಲನ್ನ ಸರಿಯಾಗಿ ನೋಡಬೇಕಿತ್ತು. ಹಾಳೆ ನೋಡ್ದೆ" ಅಂದರು.

ಇವರ ಕೈ ಮೇಜಿನ ಅಂಚಿನ ಮೇಲಿತ್ತು. ಬೆರಳುಗಳು ಊದಿ ಉಂಗುರ ಮಾಂಸದಲ್ಲಿ ಹೂತಿತ್ತು.

"ಇನ್ನು ಮೇಲೆ ಮುಟ್ಟಲ್ಲ. ಪ್ರಮಾಣ ಮಾಡ್ತೀನಿ. ಮತ್ತೆ ಅರವತ್ತಕ್ಕೆ ತರಬಹುದಲ್ಲ?" ಎಂದು ಕೇಳಿದರು. ಕೆಟ್ಟುಹೋದ ಕಾಟಾ ತಂದವರು ಇವರನ್ನು ಕೇಳುವುದು ಥೇಟ್ ಇದೇ ದನಿಯಲ್ಲಿ.

"ಇಲ್ಲ" ಅಂದರು ಡಾಕ್ಟರಮ್ಮ. "ಮಾತ್ರೆ ನಿಲ್ಲಿಸಿದ್ರೆ ಸ್ವಲ್ಪ ಮೇಲೆ ಬರಬಹುದು. ನಲವತ್ತು, ಹೆಚ್ಚಂದ್ರೆ ನಲವತ್ತೆರಡು. ಉಳಿದದ್ದು ಹೋಯ್ತು, ಅದು ವಾಪಸ್ ಬರಲ್ಲ. ಇರೋದನ್ನ ಉಳಿಸಿಕೊಂಡ್ರೆ ಡಯಾಲಿಸಿಸ್ ಇಲ್ದೆ ಬದುಕಬಹುದು. ಇನ್ನ್ಮೇಲೆ ನಾನು ಕರೆದ ದಿನ ಬರಬೇಕು. ಮುಂಚೆ ಹೇಳಲ್ಲ."

"ಭಾರ ಎತ್ತೋದು?"

"ಸದ್ಯಕ್ಕೆ ಆ ಮಾತೇ ಬೇಡ."

ತಲೆಯಾಡಿಸುತ್ತಾರೆಂದು ಕಾದೆ. ಆಡಿಸಲಿಲ್ಲ.

ಹೊರಗೆ ಬಸ್ ನಿಲ್ದಾಣದಲ್ಲಿ ಬಿಸಿಲಿತ್ತು. ಬೆಳಿಗ್ಗೆ ನುಂಗಿದ್ದ ಮಾತ್ರೆಯ ಗುಣ ಇಳಿದಿರಬೇಕು, ಕಾಲೆಳೆಯುತ್ತಿದ್ದರು. ಬೆಂಚಿನ ಮೇಲೆ ಕೂತು ಚಪ್ಪಲಿಯಿಂದ ಹೆಬ್ಬೆರಳನ್ನು ಈಚೆ ತೆಗೆದರು. ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಹತ್ತಿರ ಕೂರುವ ಮನಸ್ಸಿರಲಿಲ್ಲ. ನೂರಕ್ಕೆ ಇಪ್ಪತ್ತರಷ್ಟು ಕಿಡ್ನಿಯನ್ನು ಕೈಯಾರೆ ಗಾಳಿಗೆ ತೂರಿ, ಅದನ್ನು ನನ್ನ ತಲೆಗೆ ಕಟ್ಟಿದ ಮನುಷ್ಯ. ಒಂದು ಬಸ್ಸು ಬಂದು ಹೋಯಿತು. ನಮ್ಮದೇ ಬಸ್ಸು. ಇಬ್ಬರೂ ಏಳಲಿಲ್ಲ.

"ಕೋಪಾನಾ?" ಅಂದರು.

"ಹೌದು. ಕೋಪ ಅಂದ್ರೆ ಕಡಿಮೆ ಆಯ್ತು."

ಅವರು ರಸ್ತೆ ನೋಡುತ್ತಲೇ ಹೇಳಿದರು. "ಎದೆ ಬಿಚ್ಚಿ ಹೊಲಿದು ಕಳಿಸಿದ್ರು. ಅಷ್ಟಾದಮೇಲೆ, ಇನ್ನೊಂದು ಹಾಳಾಗ್ತಿದೆ ಅಂತ ಆಯಮ್ಮನ ಬಾಯಲ್ಲಿ ಕೇಳೋಕೆ ನನಗೆ ಧೈರ್ಯ ಇರಲಿಲ್ಲ ಕಣೇ. ಚೆನ್ನಾಗಿದೆ ಅಂತ ಕೇಳಬೇಕು ಅನ್ನಿಸ್ತಿತ್ತು. ಮುಂದಿನ ಸಲದವರೆಗಾದ್ರೂ."

ಇಷ್ಟು ದಿನ ಈ ಮನುಷ್ಯ ಮೊಂಡು ಎಂದುಕೊಂಡಿದ್ದೆ. ಹೆದರಿಕೊಂಡಿದ್ದಾರೆ ಎಂದು ಹೊಳೆದೇ ಇರಲಿಲ್ಲ. ಹೊಳೆದ ತಕ್ಷಣ ಮನಸ್ಸು ಕರಗಬೇಕಿತ್ತೇನೋ. ಕರಗಲಿಲ್ಲ, ಇನ್ನಷ್ಟು ಉರಿಯಿತು.

"ನನಗಿತ್ತಾ?" ಅಂದೆ.

ಅವರು ನನ್ನ ಕಡೆ ತಿರುಗಿದರು.

"ನನಗಿತ್ತಾ ಧೈರ್ಯ? ನಿಮಗೆ ಗೊತ್ತಾಗದ ಹಾಗೆ ಫೋನ್ ಮಾಡ್ದೆ. ನಿಮ್ಮನ್ನ ಸುಳ್ಳು ಹೇಳಿ ಕರ್ಕೊಂಡು ಬಂದೆ. ಆ ಹಾಳೆ ಬರೋವರೆಗೂ ಕೂತಿದ್ದೆ. ನನಗೂ ಚೆನ್ನಾಗಿದೆ ಅಂತಲೇ ಕೇಳಬೇಕಿತ್ತು."

ಮುಂದಿನ ಬಸ್ಸು ಬಂತು. ಏಳಲು ನೋಡಿದರು, ಹೆಬ್ಬೆರಳು ನೆಲಕ್ಕೆ ತಾಗಿ ಮತ್ತೆ ಕುಕ್ಕರಿಸಿದರು. ಕಂಡಕ್ಟರು ಬೇಗ ಬೇಗ ಎಂದು ಕೂಗಿದ. ಇವರು ಕೈ ಮುಂದೆ ಚಾಚಿದರು, ಬಾಯಿಬಿಟ್ಟು ಕೇಳಲಿಲ್ಲ. ನನ್ನ ಸಿಟ್ಟು ಇಳಿದಿರಲಿಲ್ಲ. ಇಳಿಯುವುದಕ್ಕೆ ಬಹಳ ದಿನ ಹಿಡಿಯುತ್ತದೆ ಎಂದು ಗೊತ್ತಿತ್ತು. ಎದ್ದು ಹೋಗಿ ಭುಜ ಕೊಟ್ಟೆ. ಇಡೀ ಭಾರ ಹಾಕಿ ಎದ್ದರು.